ತೆರೆದ ಜೀಪು ಬೇಡ

ಮರಳಿಯಲ್ಲಿರುವ ಅಪ್ಪನವರಿಗೆ ಯಂಕೇಶನ ನಮಸ್ಕಾರ.

ನಾನು ಫೋನಿನಲ್ಲಿ 'ಕಾಯಂ ಬರ್ತೀನ್ರಿ' ಎಂದದ್ದನ್ನು ನೀವು ನಿವೃತ್ತಿ ಎಂದುಕೊಂಡು ತೆರೆದ ಜೀಪು, ಬ್ಯಾನರು ಗೊತ್ತು ಮಾಡಿದ್ದೀರೆಂದು ತಂಗಿ ರೂಪಾ ತಿಳಿಸಿದಳು. ಮೆರವಣಿಗೆ ಬೇಡ. ಸೇನೆಯನ್ನು ನಾನೇ ಬಿಟ್ಟಿದ್ದೇನೆ.

ನನಗೆ ಗಂಡಸರ ಮೇಲೆಯೇ ಮನಸ್ಸು ಎಂದು ನಮ್ಮ ಪಲ್ಟನ್ನಿನ ಸಾಹೇಬರಿಗೆ ಹೇಳಿದೆ. ಹೊರಗೆ ಅದು ಅಪರಾಧವಲ್ಲ, ಸೇನೆಯ ಕಾನೂನು ಬೇರೆ, ಬಾಯಿ ಮುಚ್ಚಿಕೊಂಡಿದ್ದರೆ ಇರಬಹುದು ಎಂದರು. ಇಷ್ಟು ವರ್ಷ ಹಾಗೆಯೇ ಇದ್ದೆ, ಇನ್ನಾಗದು.

ಊರವರು ಕೇಳಿದರೆ 'ಕಳವು ಮಾಡಿಲ್ಲ, ಅಂಜಿ ಓಡಿ ಬಂದಿಲ್ಲ' ಅನ್ನಿರಿ. ಅವ್ವ ಕನ್ಯೆ ನೋಡುವುದನ್ನು ನಿಲ್ಲಿಸಲಿ.

ಸೋಮವಾರ ಗಂಗಾವತಿ ಸ್ಟೇಷನ್ನಿಗೆ ಬರುವುದಾದರೆ ಬೈಕು ಸಾಲದು, ಆಟೊ ತನ್ನಿರಿ. ಹೋದ ರಜೆಯಲ್ಲಿ ನನ್ನೊಡನೆ ಬಂದು ನಮ್ಮ ಗದ್ದೆಯಲ್ಲಿ ನಾಟಿ ಮಾಡಿದ ಕಾಶಿನಾಥನನ್ನು ನೀವು 'ಭಾಳ ಛಲೋ ಮನಷ್ಯಾ' ಎಂದಿರಿ. ಅವನೂ ನನ್ನ ಜೊತೆ ಇರಲು ಬರುತ್ತಿದ್ದಾನೆ.

ನಿಮ್ಮ ಮಗ,
ಯಂಕೇಶ