ಹಂಚಿನ ಬಣ್ಣಕ್ಕೆ ತಿರುಗಿದ ಕೊಳವೆ

ಸ್ನೇಹಲತಾ,

ಮೊದಲ ಬಸ್ಸಿಗೆ ಕುಂದಾಪುರದ ಡಾಕ್ಟ್ರಮ್ಮನ ಹತ್ತಿರ ಹೊರಟೆ. ಅತ್ತೆ ದನದ ಹಟ್ಟಿಯಲ್ಲಿದ್ದಾರೆ. ಹೇಳಿದರೆ ಬಿಡುವುದಿಲ್ಲ, ಇವತ್ತು ನನ್ನ ಬಯಕೆ ಊಟ.

ಕಿಟಕಿಯಲ್ಲಿಟ್ಟ ಗಾಜಿನ ಕೊಳವೆ ತೊಳೆಯಬೇಡ, ಅತ್ತೆಗೆ ತೋರಿಸು. ಬೆಳಿಗ್ಗೆ ನಾನೇ ಡಾಕ್ಟ್ರಮ್ಮ ಕೊಟ್ಟ ನೀಲಿ ಮದ್ದಿಗೆ ನನ್ನ ಮೂತ್ರ ಹಾಕಿ ಕುದಿಸಿದೆ. ನಮ್ಮ ಮಾಡಿನ ಹಂಚಿನ ಬಣ್ಣಕ್ಕೆ ತಿರುಗಿದೆ. ಮೈಯಲ್ಲಿ ಅಷ್ಟು ಸಕ್ಕರೆ.

ಈ ವಾರವೆಲ್ಲ ನೀನು ಕುದಿಸಿದಾಗ ನೀಲಿಯೇ ಉಳಿಯಿತಲ್ಲ, ಅದು ಬಾವಿ ನೀರು ಮಾರಾಯ್ತಿ. ಮೂತ್ರದ ಶೀಸೆಗೆ ನಾನೇ ತುಂಬಿಸಿಟ್ಟದ್ದು. ನೀನು ಮೂಗು ಮುಚ್ಚಿ, ಮುಖ ತಿರುಗಿಸಿ ಹನಿ ಹಾಕುತ್ತಿದ್ದೆ, ಗೊತ್ತಾಗಲಿಲ್ಲ. ನೀಲಿ ಕಂಡು ಅತ್ತೆ ಬೆಲ್ಲದ ಹಾಲ್ಬಾಯಿ ಕೊಟ್ಟರು. "ಒಂದ್ ತುಂಡಿಗ್ ಎಂತ ಆತ್ತ್? ಮಗಿಗ್ ಆಸಿ ಇರುದಿಲ್ಯಾ?" ಎಂದರು. ಆಸೆ ನನಗೇ ಇತ್ತು, ಸುಳ್ಳು ಯಾಕೆ.

ಕೋಟದಿಂದ ನನ್ನ ತೌರಿನವರು ಬಂದರೆ ಊಟ ಹಾಕು. ಅವರು ತಂದ ಸಿಹಿಯಲ್ಲಿ ನನಗೆಂದು ಚೂರೂ ತೆಗೆದಿಡಬೇಡ. ನನ್ನ ಟ್ರಂಕಿನ ಹಿಂದೆ ಒಂದು ಡಬ್ಬಿ ಅಡಗಿಸಿಟ್ಟಿದ್ದೇನೆ, ಅದನ್ನೂ ಹಂಚಿಬಿಡು. ಒಲೆಯ ಮೇಲೆ ಹಾಲಿದೆ, ಉಕ್ಕೀತು, ನೋಡು. ಹಸಿರು ಸೀರೆ ಮಡಚಿಡು. ಡಾಕ್ಟ್ರಮ್ಮ ಅಲ್ಲಿಯೇ ಇರು ಎಂದರೆ ಇರುತ್ತೇನೆ, ಕಾಯಬೇಡಿ.

ಅತ್ತೆ ಬೈದರೆ ಬೈಯಲಿ. ಕಳೆದ ಸಲದ ಮಗು ಹುಟ್ಟುವಾಗಲೇ ಮೂರು ತಿಂಗಳ ಮಗುವಿನಷ್ಟಿತ್ತು, ಈ ಸಕ್ಕರೆಯಿಂದಲೇ ಎಂದಿದ್ದರು ಡಾಕ್ಟ್ರಮ್ಮ. ಸೂಲಗಿತ್ತಿ "ಎಂಥಾ ಗುಂಡು ಮಾಣಿ" ಎಂದು ಎತ್ತಿ ತೋರಿಸಿದಾಗ ಅವರೂ ಅಲ್ಲೇ ನಿಂತಿದ್ದರು. ಅದು ಅಳಲೇ ಇಲ್ಲ. ಈ ಸಲದ್ದು ಕಡ್ಡಿಯ ಹಾಗಿದ್ದರೂ ಸಾಕು, ಅಳಲಿ.

ಅತ್ತಿಗೆ