ಮಾಮ ನಮಗೆ ಏನೂ ಆಗಬೇಕಾಗಿಲ್ಲ ಎಂಬುದಕ್ಕೆ ಪುರಾವೆ

ಮಾನ್ಯ ಪ್ರವೇಶಾಧಿಕಾರಿಗಳೇ,

ನಮ್ಮ ಕೆಳಗಿನ ಮನೆಯಲ್ಲಿರುವ ಭೌತಶಾಸ್ತ್ರದ ಮೇಷ್ಟ್ರು ನಮಗೆ ಏನೂ ಆಗಬೇಕಾಗಿಲ್ಲ ಎಂದು ಹದಿನಾಲ್ಕು ದಿನಗಳೊಳಗೆ ಪ್ರಮಾಣಪತ್ರ ಕಳಿಸಬೇಕು, ತಪ್ಪಿದರೆ ನನ್ನ ಮಗಳ ಅರ್ಜಿಯನ್ನು ಮುಕ್ತಾಯಗೊಳಿಸಲಾಗುವುದು ಎಂದು ತಾವು ಬರೆದಿದ್ದೀರಿ. ಹತ್ತು ದಿನ ಕಳೆದಿವೆ. ಉಳಿದ ನಾಲ್ಕರಲ್ಲಿ ಎರಡು ದಿನ ತಮ್ಮ ಅಮೆರಿಕದ ಕಚೇರಿಗೆ ವಾರದ ರಜೆ. ಆದ್ದರಿಂದ ಸುತ್ತಿಬಳಸದೆ ಕೇಳುತ್ತೇನೆ: ಒಬ್ಬ ಮನುಷ್ಯ ಇನ್ನೊಬ್ಬರಿಗೆ ಏನೂ ಅಲ್ಲ ಎಂಬುದನ್ನು ಸಾಬೀತುಪಡಿಸುವುದು ಹೇಗೆ ಸ್ವಾಮಿ? ತಾವು ಯಾವತ್ತಾದರೂ ಪ್ರಯತ್ನಿಸಿದ್ದೀರಾ?

ಈ ಪತ್ರವನ್ನು ಕನ್ನಡದಲ್ಲೇ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಏನಾಯಿತು ಎಂಬುದೇ ಇಲ್ಲಿನ ಕಥೆಯಾದ್ದರಿಂದ ಮತ್ತೆ ಆ ಸಾಹಸ ಬೇಡ. ಅನುವಾದಕ್ಕೆ ಯಾರನ್ನಾದರೂ ತಾವೇ ಹುಡುಕಿಕೊಳ್ಳಿ. ಅವರು ತಮ್ಮ ಸಂಬಂಧಿಕರಾಗಿರದಂತೆ ದಯವಿಟ್ಟು ಎಚ್ಚರವಹಿಸಿ.

ಮೊದಲೇ ಹೇಳಿಬಿಡುತ್ತೇನೆ, ನನಗೆ ತಮ್ಮ ಬಗ್ಗೆ ವೃತ್ತಿಪರವಾದ ಗೌರವವಿದೆ. ನಾನೂ ಕಿಟಕಿಯ ಒಳಗಡೆ ಕೂರುವವಳೇ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದೂರು ಸ್ವೀಕರಿಸುತ್ತಿದ್ದೇನೆ, ಅಂದರೆ ವಾಪಸು ಕಳಿಸುತ್ತಿದ್ದೇನೆ. ಒಮ್ಮೆ ಒಬ್ಬರು ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬಂದರು. ಬರುತ್ತಿಲ್ಲ ಎಂಬುದಕ್ಕೆ ಪುರಾವೆ ತನ್ನಿ ಎಂದೆ. ಮರುದಿನ ಖಾಲಿ ಬಕೆಟ್ ತಂದು ಮೇಜಿನ ಮೇಲೆ ಕುಕ್ಕಿದರು. ಇದು ಆ ನಲ್ಲಿಯ ಕೆಳಗಿಟ್ಟಿದ್ದ ಬಕೆಟ್ಟೇ ಎಂದು ಹೇಗೆ ನಂಬಲಿ ಎಂದು ಕೇಳಿದೆ. ಅವತ್ತು ಇಡೀ ಕಚೇರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗಿದ್ದೆ. ತಮ್ಮ ಪತ್ರ ಓದಿದ ಮೇಲೆ ನಾನಿನ್ನೂ ಈ ವಿದ್ಯೆಯಲ್ಲಿ ಅಂಬೆಗಾಲಿಡುತ್ತಿದ್ದೇನೆ ಎಂದು ಅರ್ಥವಾಯಿತು.

ಈಗ ಸಂಗತಿಗೆ ಬರುತ್ತೇನೆ. ನನ್ನ ಮಗಳಿಗೆ ಹದಿನೇಳು ವರ್ಷ. ನೀರು ಪೈಪಿನೊಳಗೆ ಯಾಕೆ ಒಮ್ಮೆ ತಣ್ಣಗೆ ಹರಿಯುತ್ತದೆ, ಇನ್ನೊಮ್ಮೆ ಯಾಕೆ ಸುಳಿ ಸುತ್ತಿಕೊಂಡು ಒದ್ದಾಡುತ್ತದೆ ಎಂಬುದೇ ಅವಳ ಹುಚ್ಚು. ತಮ್ಮ ವಿಶ್ವವಿದ್ಯಾಲಯದಲ್ಲಿ ಇದನ್ನು ನೋಡುವುದಕ್ಕೆಂದೇ ಗಾಜಿನ ಗೋಡೆಯ ಒಂದು ಉದ್ದನೆಯ ಕಾಲುವೆ ಇದೆಯಂತೆ. ಅದರ ಚಿತ್ರ ಅವಳ ಬೀರುವಿನ ಬಾಗಿಲ ಒಳಗಡೆ ಎರಡು ವರ್ಷದಿಂದ ಅಂಟಿಕೊಂಡಿದೆ. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಅವಳು ಅಲ್ಲಿಗೆ ಬರಬಲ್ಲಳು, ಅದನ್ನು ಕೊಡುವ ಕಡೆಗಳಲ್ಲಿ ಅವಳ ಪಟ್ಟಿಯಲ್ಲಿ ಉಳಿದಿರುವುದು ತಾವೊಬ್ಬರೇ. ಈ ಹುಚ್ಚು ಹಿಡಿಸಿದವರು ಕೆಳಗಿನ ಮನೆಯ ಮೇಷ್ಟ್ರು. ಅವಳಿಗೆ ಒಂಬತ್ತು ವರ್ಷವಿದ್ದಾಗ ನಮ್ಮ ಕಟ್ಟಡದ ನೀರೆತ್ತುವ ಪಂಪು ಕೆಟ್ಟಿತು. ಮೇಷ್ಟ್ರು ಅದನ್ನು ಬಿಚ್ಚಿ ಮೆಟ್ಟಿಲ ಮೇಲೆ ಹಳೇ ಪೇಪರು ಹಾಸಿ ಒಂದೊಂದೇ ಭಾಗ ಜೋಡಿಸಿಟ್ಟರು, ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿಯೊಂದರ ಚಿತ್ರ ಬರೆಸಿದರು. ಕಟ್ಟಡಕ್ಕೆ ಮೂರು ದಿನ ನೀರಿರಲಿಲ್ಲ. ದೂರು ಕೊಡಲು ಎಲ್ಲರೂ ನನ್ನ ಕಿಟಕಿಗೇ ಬಂದರು.

ಅವಳು ಅವರನ್ನು ಶಾಲೆಯಲ್ಲಿ ಸರ್ ಅನ್ನುತ್ತಾಳೆ, ಮನೆಯಲ್ಲಿ ಮಾಮ ಅನ್ನುತ್ತಾಳೆ. ಅವರು ಅವಳನ್ನು ತಾಯಿ ಅನ್ನುತ್ತಾರೆ, ನನ್ನನ್ನು ತಂಗಿ ಅನ್ನುತ್ತಾರೆ. ಇದರಲ್ಲಿ ವಿಶೇಷವೇನಿದೆ ಎಂದು ನಮಗೆ ಅನ್ನಿಸಿರಲಿಲ್ಲ. ತಮಗೆ ಅನ್ನಿಸಿತು.

ತಮ್ಮ ಅರ್ಜಿಯಲ್ಲಿ ‘ನಿಮ್ಮನ್ನು ರೂಪಿಸಿದ ಪರಿಸರದ ಬಗ್ಗೆ ಬರೆಯಿರಿ’ ಎಂದಿತ್ತು. ಹುಡುಗಿ ಪ್ರಾಮಾಣಿಕವಾಗಿ ಬರೆದಳು: ಕೆಳಗಿನ ಮನೆಯ ಮಾಮ ಪಂಪು ಬಿಚ್ಚಿದ್ದು, ಲೈಬ್ರರಿ ಅಕ್ಕ ಬಾಗಿಲು ಮುಚ್ಚಿದ ಮೇಲೂ ಒಳಗೆ ಕೂರಲು ಬಿಟ್ಟಿದ್ದು, ಔಷಧಿ ಅಂಗಡಿ ಅಣ್ಣ ಪ್ರಯೋಗಕ್ಕೆ ಸಿರಿಂಜು ಕೊಟ್ಟಿದ್ದು, ಮೇಲಿನ ಮನೆ ಅತ್ತೆ ಬಟ್ಟೆ ಒಗೆಯುವ ಯಂತ್ರದ ಪೈಪನ್ನೇ ಕೊಟ್ಟು ಬೈಸಿಕೊಂಡಿದ್ದು, ಗೇಟಿನ ತಾತ ಇದೆಲ್ಲ ಕಂಡೂ ಕಾಣದಂತಿದ್ದದ್ದು. ಹದಿನೈದನೇ ದಿನಕ್ಕೆ ತಮ್ಮ ಮೊದಲ ಪತ್ರ ಬಂತು. ಅರ್ಜಿಯ ಪ್ರಕಾರ ಕುಟುಂಬದಲ್ಲಿ ಮೂರು ಮಂದಿ, ಪ್ರಬಂಧದ ಪ್ರಕಾರ ಎಂಟು, ಮುಚ್ಚಿಟ್ಟ ಐವರು ಸಂಬಂಧಿಕರ ಜನ್ಮದಿನಾಂಕ ಮತ್ತು ಉದ್ಯೋಗದ ವಿವರ ಒದಗಿಸಿ.

ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಮಸೂರ ಉಜ್ಜುವವರು. ಪತ್ರವನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು.

“ಐದು ಜನ ಎಲ್ಲಿಂದ ಬಂದ್ರು? ನಿಮ್ಮ ಕಡೆಯೋರಾ?” ಎಂದರು.

“ನಮ್ಮ ಕಡೆಯೋರು ಬಂದಿದ್ರೆ ನಿಮಗೆ ಗೊತ್ತಾಗ್ತಿರ್ಲಿಲ್ವಾ?” ಎಂದೆ.

ಸರಿ, ಉತ್ತರ ಬರೆದೆವು. ಮಾಮ ಮಾಮನಲ್ಲ, ಅಕ್ಕ ಅಕ್ಕನಲ್ಲ, ಅಣ್ಣ ಅಣ್ಣನಲ್ಲ, ಅತ್ತೆ ಅತ್ತೆಯಲ್ಲ. ತಾತನಂತೂ ನನ್ನ ಗಂಡನಿಗಿಂತ ಮೂರು ವರ್ಷ ಚಿಕ್ಕವನು, ಪಾಪ, ಕೂದಲು ಬೇಗ ಬೆಳ್ಳಗಾಗಿದೆ ಅಷ್ಟೇ. ಇಷ್ಟು ವಿವರವಾಗಿ ಬರೆದ ಮೇಲೆ ಯಾರಿಗೇ ಆದರೂ ಅರ್ಥವಾಗಬೇಕು ತಾನೇ? ತಮಗೆ ಅನುಮಾನ ಗಟ್ಟಿಯಾಯಿತು. ಒಂದೇ ಮನೆಯವರು ಐದು ಜನ ಸಂಬಂಧಿಕರನ್ನು ಒಂದೇ ಪುಟದಲ್ಲಿ ಅಲ್ಲಗಳೆದರೆ ನನಗೂ ಅನುಮಾನ ಬರುತ್ತಿತ್ತು ಅನ್ನಿ.

ಆಗ ತಾವು ಮೇಷ್ಟ್ರ ಶಿಫಾರಸು ಪತ್ರವನ್ನು ಹೊರಗೆ ತೆಗೆದಿರಿ. ಶಿಫಾರಸು ಮಾಡುವವರು ಅರ್ಜಿದಾರರ ಸಂಬಂಧಿಯಾಗಿರಬಾರದು ಎಂಬುದು ನಿಯಮ. ನ್ಯಾಯವಾದದ್ದೇ. ಮೇಷ್ಟ್ರು ಮೂರು ದಿನ ಕೂತು, ನಾಲ್ಕು ಸಲ ತಿದ್ದಿ, ಸ್ವಂತ ಇಂಗ್ಲಿಷಿನಲ್ಲಿ ಬರೆದಿದ್ದರು. ಅದರಲ್ಲಿ ಒಂದು ವಾಕ್ಯ: “‘ತಾಯಿ, ಮೊದಲು ಚಿತ್ರ ಬರಿ, ಆಮೇಲೆ ಲೆಕ್ಕ ಮಾಡು’ ಎಂದು ನಾನು ಯಾವಾಗಲೂ ಹೇಳುತ್ತೇನೆ.” ಇನ್ನೊಂದು: “ಇವಳು ನಮ್ಮ ಮನೆಮಗಳು.” ಎರಡನ್ನೂ ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ಇಳಿಸಿದ್ದರು. ಕಳಿಸುವ ಮುನ್ನ ನಾವು ಮೂವರೂ ಓದಿದೆವು. ಅಲ್ಪವಿರಾಮ ಹುಡುಕಿದೆವು, ಕಾಗುಣಿತ ಹುಡುಕಿದೆವು. ತಾಯಿ ಎಂಬಲ್ಲಿ ಯಾರ ಕಣ್ಣೂ ನಿಲ್ಲಲಿಲ್ಲ.

ತಮ್ಮ ಎರಡನೇ ಪತ್ರದ ಪ್ರಕಾರ ಅವರು ಅವಳಿಗೆ ಮಾಮ, ಅವಳು ಅವರ ತಾಯಿ, ಜೊತೆಗೆ ಅವರ ಮನೆಯ ಮಗಳು. ಹದಿನೇಳರ ಹುಡುಗಿ ಅರವತ್ತರ ಮೇಷ್ಟ್ರನ್ನು ಹೆತ್ತಿದ್ದಾಳೆ, ಅವರು ಅವಳನ್ನು ಹೆತ್ತಿದ್ದಾರೆ, ನಡುವೆ ಬಿಡುವಿನ ವೇಳೆಯಲ್ಲಿ ಪಂಪು ಬಿಚ್ಚಿದ್ದಾರೆ. ಇದು ಸಾಧ್ಯವೇ ಎಂದು ತಮ್ಮ ಕಚೇರಿಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಅಥವಾ ಅನ್ನಿಸಿಯೂ, ಸಾಧ್ಯವೋ ಅಲ್ಲವೋ ಅದು ನಮ್ಮ ವಿಭಾಗದ ಕೆಲಸವಲ್ಲ ಎಂದು ಮುಂದಕ್ಕೆ ತಳ್ಳಿದಿರಾ? ನಾನಾಗಿದ್ದರೆ ತಳ್ಳುತ್ತಿದ್ದೆ.

ಪತ್ರ ಹಿಡಿದು ಕೆಳಗಿಳಿದೆ. ಮೇಷ್ಟ್ರು ಓದಿ ಗೊಳ್ಳೆಂದು ನಕ್ಕರು. “ನಾನು ಇವಳ ಮಗನಂತೆ! ಹಾಗಾದ್ರೆ ತಂಗಿ, ನೀನು ನನಗೆ ಅಜ್ಜಿ ಆದೆ ನೋಡು.” ಮತ್ತೊಮ್ಮೆ ಓದಿದರು. ನಗು ನಿಂತಿತು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಕೂತರು. “ಮೂವತ್ತೈದು ವರ್ಷ ಪಾಠ ಮಾಡ್ದೋನು. ನನ್ನ ಇಂಗ್ಲಿಷಿಂದ ಮಗೂಗೆ ಹೀಗಾಯ್ತಲ್ಲ,” ಎಂದರು. ಆ ಪತ್ರದಲ್ಲಿ ತಪ್ಪಿದ್ದದ್ದು ಒಂದೇ, ಅವರು ಅವಳನ್ನು ಹೇಗೆ ಕರೆಯುತ್ತಾರೋ ಹಾಗೇ ಬರೆದಿದ್ದರು.

ಬೇರೆ ಮೇಷ್ಟ್ರಿಂದ ಬರೆಸಿ ಎಂದು ತಾವು ಇನ್ನೊಂದು ದಾರಿಯನ್ನೂ ಕೊಟ್ಟಿದ್ದೀರಿ, ಮರೆತಿಲ್ಲ. ಅವಳ ಶಾಲೆಯಲ್ಲಿ ಭೌತಶಾಸ್ತ್ರಕ್ಕೂ ಗಣಿತಕ್ಕೂ ಇರುವುದು ಇವರೊಬ್ಬರೇ. ರಸಾಯನಶಾಸ್ತ್ರದವರು ಬಂದು ನಾಲ್ಕು ತಿಂಗಳಾಯಿತು, ನನ್ನ ಮಗಳನ್ನು ಇವತ್ತಿಗೂ ಪಕ್ಕದ ಬೆಂಚಿನವಳ ಹೆಸರಿನಿಂದಲೇ ಕರೆಯುತ್ತಾರೆ. ಅವರಿಗೂ ನಮಗೂ ಸಂಬಂಧವಿಲ್ಲ ಎಂದು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ.

ಹಾಗಾಗಿ ನೋಟರಿಯ ಬಳಿ ಹೋದೆವು. ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ಕೋಣೆ, ಒಂದು ಮೇಜು, ಮೂರು ಕುರ್ಚಿ, ನಾವು ನಾಲ್ಕು ಜನ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನೋಟರಿ ಪೆನ್ನು ತೆಗೆದು, “ಹೇಳಮ್ಮಾ. ಇವರು ನಿಮಗೆ ಏನಾಗ್ಬೇಕು?” ಎಂದರು.

“ಏನೂ ಆಗ್ಬೇಕಾಗಿಲ್ಲ. ಅದನ್ನೇ ಬರ್ಕೊಡ್ಬೇಕು,” ಎಂದೆ.

ನೋಟರಿ ಪೆನ್ನು ಕೆಳಗಿಟ್ಟರು. “ಯಾಕಮ್ಮಾ, ಜಗಳ ಆಯ್ತಾ?”

“ಇಲ್ಲ.”

“ಆಸ್ತಿ ವಿಷಯವಾ?”

“ಪಂಪು ವಿಷಯ,” ಎಂದರು ನನ್ನ ಗಂಡ. ಅವರನ್ನು ಇಂಥ ಕಡೆಗೆಲ್ಲ ಕರೆದುಕೊಂಡು ಹೋಗಬಾರದು.

ಮುಂದಿನ ಅರ್ಧ ಗಂಟೆ ನೋಟರಿ ನಮ್ಮನ್ನು ರಾಜಿ ಮಾಡಿಸಲು ಪ್ರಯತ್ನಿಸಿದರು. ವಯಸ್ಸಾದವರನ್ನು ಹೀಗೆ ಕೈಬಿಡಬಾರದು, ರಕ್ತಸಂಬಂಧ ಕಾಗದದಿಂದ ಹೋಗುವುದಿಲ್ಲ ಎಂದು ನನಗೆ ಬುದ್ಧಿ ಹೇಳಿದರು. ರಕ್ತಸಂಬಂಧವಿಲ್ಲ ಎಂದರೆ, “ಕೋಪದಲ್ಲಿ ಎಲ್ಲರೂ ಹಾಗೇ ಅಂತಾರೆ” ಎಂದರು. ಮೇಷ್ಟ್ರು ನನ್ನ ಪರವಾಗಿ ವಾದಿಸಲು ಹೋಗಿ, “ನಮ್ಮ ತಂಗಿ ಅಂಥೋಳಲ್ಲ ಸಾರ್” ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಕೊನೆಗೆ ನೋಟರಿ ಬಳಿ ಸಿದ್ಧವಿದ್ದದ್ದು ಅಣ್ಣತಮ್ಮಂದಿರು ಆಸ್ತಿಯ ಹಕ್ಕು ಬಿಟ್ಟುಕೊಡುವ ನಮೂನೆ ಒಂದೇ. ಅದನ್ನೇ ತಿದ್ದಿ ಬೆರಳಚ್ಚು ಮಾಡಿಸಿದರು. ಅಷ್ಟರಲ್ಲಿ ಮಗಳು ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು: “ಅಮ್ಮಾ, ಒಳಗೆ ಬರುವಾಗ ಇವರನ್ನ ಅಂಕಲ್ ಅಂದ್ಬಿಟ್ಟೆ.” ನೋಟರಿಯೂ ಸಂಬಂಧಿಯಾಗಿರಬಾರದು ಎಂಬ ತಮ್ಮ ಮೂರನೇ ಷರತ್ತು ಅವಳಿಗೆ ನೆನಪಿತ್ತು. ಬಾಯಿ ಮುಚ್ಚಿಕೊಂಡಿರು ಎಂದೆ.

ಕಾಗದ ಬಂತು. “ಈ ವ್ಯಕ್ತಿ ನನಗೆ ಯಾವ ರೀತಿಯಲ್ಲೂ ಏನೂ ಆಗಬೇಕಾಗಿಲ್ಲ, ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗತಕ್ಕದ್ದಲ್ಲ.” ಮೇಷ್ಟ್ರು ಓದಲೂ ಇಲ್ಲ, ಪರೀಕ್ಷೆಯ ಅಂಕಪಟ್ಟಿಗೆ ಹಾಕುವಂತೆ ಸರಕ್ಕನೆ ಸಹಿ ಹಾಕಿದರು. ಮಗಳು ಓದಿದಳು. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ನಾನು ಹಾಕಲ್ಲ.”

“ತಾಯಿ, ಒಂದು ಸೈನ್ ತಾನೇ,” ಎಂದರು ಮೇಷ್ಟ್ರು. “ಅದು ಬರೀ ಕಾಗದ. ಹಾಕಿ ಹೊರಡು.”

“ಬರೀ ಕಾಗದ ಆದ್ರೆ ಅವರಿಗ್ಯಾಕೆ ಬೇಕು ಮಾಮ?”

ದಾರಿಯುದ್ದಕ್ಕೂ ಅವಳನ್ನು ಬೈದೆ. ಬಸ್ಸಿನಲ್ಲಿ ಜನ ತಿರುಗಿ ನೋಡುವಷ್ಟು ಬೈದೆ. ಸುಳ್ಳು ಹೇಳುವುದಿಲ್ಲ, ಅವಳ ಕೈ ಹಿಡಿದು ಸಹಿ ಹಾಕಿಸಿಬಿಡಬೇಕು ಅನ್ನಿಸಿತ್ತು. ನನಗೆ ನನ್ನ ಮಗಳು ಆ ಕಾಲುವೆಯ ಮುಂದೆ ನಿಲ್ಲಬೇಕು. ಅದಕ್ಕಾಗಿ ನಾನು ಮೇಷ್ಟ್ರನ್ನೇನು, ನನ್ನ ಗಂಡನನ್ನೂ ಏನೂ ಅಲ್ಲ ಎಂದು ಬರೆದುಕೊಡಬಲ್ಲೆ. ಆದರೆ ಮನೆಗೆ ಬಂದು ಕೂತಾಗ ಒಂದು ವಿಷಯ ನೆನಪಾಯಿತು. ಎರಡು ವರ್ಷದ ಹಿಂದೆ ಮೇಷ್ಟ್ರು ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಒಂದು ನಮೂನೆ ಕೊಟ್ಟರು, ಅದರಲ್ಲಿ ‘ರೋಗಿಗೆ ಸಂಬಂಧ’ ಎಂಬ ಜಾಗವಿತ್ತು. ತಂಗಿ ಎಂದು ಬರೆದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿಯನ್ನೂ ಹಾಕಿದೆ. ಒಬ್ಬರೂ ಪುರಾವೆ ಕೇಳಲಿಲ್ಲ. ಆ ಒಂದು ಪದದ ಮೇಲೆ ಅವರ ಸೊಂಟ ಕೊಯ್ದು ಜೋಡಿಸಿದರು, ಅವರು ಇವತ್ತು ನಡೆಯುತ್ತಿದ್ದಾರೆ. ಈಗ ತಾವೇ ಹೇಳಿ, ನಾನು ಅವತ್ತು ಬರೆದದ್ದು ಸುಳ್ಳೋ, ಇವತ್ತು ನನ್ನ ಮಗಳು ಬರೆಯಬೇಕಾಗಿರುವುದು ಸುಳ್ಳೋ?

ಇನ್ನೊಂದು ಮಾತು, ಇದನ್ನು ಗಂಡನಿಗೂ ಹೇಳಿಲ್ಲ. ಮಗಳು ಅಲ್ಲಿಗೆ ಬಂದರೆ ಅವಳಿಗೆ ಆ ಊರಿನಲ್ಲಿ ಯಾರೂ ಇಲ್ಲ. ಜ್ವರ ಬಂದರೆ ನೋಡಲು, ಬೀಗ ಕಳೆದರೆ ಕೂರಿಸಿಕೊಳ್ಳಲು ಯಾರೂ ಇಲ್ಲ. ನನಗೆ ಕೂತರೂ ನಿಂತರೂ ಅದೇ ಭಯ. ಆದರೂ ಕಳಿಸುವ ಧೈರ್ಯ ಮಾಡಿದ್ದು ಯಾಕೆಂದರೆ ಈ ಹುಡುಗಿಗೆ ಒಂದು ವಿದ್ಯೆ ಗೊತ್ತು. ಗುರುತಿಲ್ಲದವರನ್ನು ಅಕ್ಕ ಎಂದು ಕರೆದು, ಅವರು ಅಕ್ಕನಾಗುವವರೆಗೆ ಬಿಡುವವಳಲ್ಲ. ಗೇಟಿನವನನ್ನು ತಾತ ಮಾಡಿದ್ದು ಅವಳೇ. ಅವಳ ಪೆಟ್ಟಿಗೆಯಲ್ಲಿ ನಾನು ಇಟ್ಟು ಕಳಿಸಬಹುದಾದದ್ದು ಅದೊಂದೇ. ಅದನ್ನೇ ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಬಾ ಅನ್ನುತ್ತಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಪ್ರಮಾಣಪತ್ರದ ಷರತ್ತನ್ನು ಹಿಂತೆಗೆದುಕೊಳ್ಳಿ. ಮೇಷ್ಟ್ರ ಪತ್ರವನ್ನು ಮೇಷ್ಟ್ರ ಪತ್ರವೆಂದೇ ಓದಿ. ಅವಳ ಲೆಕ್ಕ ನೋಡಿ, ಅವಳ ಚಿತ್ರ ನೋಡಿ, ಯೋಗ್ಯತೆ ಇಲ್ಲ ಅನ್ನಿಸಿದರೆ ಧಾರಾಳವಾಗಿ ಬೇಡ ಎನ್ನಿ, ಅಳುತ್ತೇವೆ, ಸುಮ್ಮನಾಗುತ್ತೇವೆ. ಯೋಗ್ಯತೆ ಇದೆ ಅನ್ನಿಸಿದರೆ ಕರೆಸಿಕೊಳ್ಳಿ. ಬಂದ ಮೊದಲನೇ ದಿನವೇ ಅವಳು ತಮ್ಮನ್ನು ಅಂಕಲ್ ಎಂದೋ ಆಂಟಿ ಎಂದೋ ಕರೆಯುತ್ತಾಳೆ. ಗಾಬರಿಯಾಗಬೇಡಿ. ಓ ಅನ್ನಿ, ಸಾಕು.

ಪತ್ರದ ಕೊನೆಗೆ ‘ಇಂತಿ ನಿಮ್ಮ’ ಎಂದು ಬರೆಯುವುದು ನಮ್ಮ ರೂಢಿ. ಆ ‘ನಿಮ್ಮ’ ಕೂಡ ಸಂಬಂಧ ಸೂಚಿಸುವುದರಿಂದ, ತಮ್ಮ ಕಡತಕ್ಕೆ ತೊಂದರೆಯಾಗದಿರಲೆಂದು ತೆಗೆದಿದ್ದೇನೆ.

ಇಂತಿ,
ಅರ್ಜಿದಾರಳ ತಾಯಿ,
ಮೇಷ್ಟ್ರ ತಂಗಿ,
ತಮಗೆ ಸದ್ಯಕ್ಕೆ ಏನೂ ಆಗಬೇಕಾಗಿಲ್ಲ