ಕರೆಂಟ್ ಹೋದರೆ ಓಡುವವಳು

೧೮ ಏಪ್ರಿಲ್ ೨೦೦೭, ಬುಧವಾರ

ಎಸಿ ಕೆಳಗಿನ ಬಕೆಟ್ ಮತ್ತೆ ತುಂಬಿ ಚೆಲ್ಲಿತ್ತು. ಅಟೆಂಡರ್ ಹಾಲೇಶನನ್ನು ಕೇಳಿದರೆ "ನೆನ್ನೆ ಖಾಲಿ ಮಾಡಿದ್ದೆನಲ್ಲ ಮೇಡಂ" ಅಂದ. ನೆನ್ನೆ ಊಟಾನೂ ಮಾಡಿದ್ದೆಯಲ್ಲ ಮಾರಾಯ, ಇವತ್ತು ಯಾಕೆ ಮಾಡಿದೆ ಅಂದೆ. ನಕ್ಕ. ನಾನು ಬೈದಾಗ ನಗುವುದೊಂದು ಚೆನ್ನಾಗಿ ಕಲಿತಿದ್ದಾನೆ.

ನಮ್ಮ ದುರ್ಗಿಗುಡಿ ಬ್ರಾಂಚಿನಲ್ಲಿ ಇಡೀ ದಿನ ಕರೆಂಟಿನ ಕಣ್ಣಾಮುಚ್ಚಾಲೆ. ಯುಪಿಎಸ್ ಕೂಗುತ್ತದೆ, ನಾನು ಓಡುತ್ತೇನೆ. ಜನರೇಟರ್ ಹಾಕಿಸು, ಸ್ವಿಚ್ ಬದಲಿಸು, ಸರ್ವರ್ ಉಸಿರಾಡುತ್ತಿದೆಯಾ ನೋಡು... ದುರ್ಗಿಗುಡಿ, ಕೋಟೆ, ಭದ್ರಾವತಿ, ಹೊಳೆಹೊನ್ನೂರು — ನಮ್ಮ ಸಹಕಾರ ಬ್ಯಾಂಕಿನ ನಾಲ್ಕು ಬ್ರಾಂಚಿನ ಜೀವವೂ ಆ ಒಂದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಇರುವುದು ಮೊದಲು ಟೀ ಕಾಯಿಸುತ್ತಿದ್ದ ಕೋಣೆಯಲ್ಲಿ. ಕೋಣೆಯ ಕೀ ನನ್ನ ಸೊಂಟದಲ್ಲಿ.

ಸಂಜೆ ಭದ್ರಾವತಿ ಬಸ್ಸಿನಲ್ಲಿ ಸೀಟ್ ಸಿಕ್ಕಿತು. ಅದೇ ದೊಡ್ಡದು. ಮನೆಗೆ ಬಂದರೆ ಇವರು ಅನ್ನ ಸಾರು ಮಾಡಿಟ್ಟಿದ್ದರು. ಫ್ಯಾಕ್ಟರಿಯಿಂದ ರಿಟೈರ್ ಆದಮೇಲೆ ಅಡುಗೆ ಕಲಿತರು, ಪುಣ್ಯಾತ್ಮರು. ಉಪ್ಪು ಜಾಸ್ತಿ. ಹೇಳಲಿಲ್ಲ.

೩ ಮೇ, ಗುರುವಾರ

ಆಗಬಾರದ್ದು ಆಯಿತು. ಯುಪಿಎಸ್ ಬ್ಯಾಟರಿ ಕೈಕೊಟ್ಟಿತು. ಜನರೇಟರ್ ಶುರುವಾಗುವಷ್ಟರಲ್ಲಿ ಸರ್ವರ್ ಮಲಗಿತ್ತು. ಎಬ್ಬಿಸಲು ಸಂಜೆಯಾಯಿತು. ನಾಲ್ಕೂ ಬ್ರಾಂಚಿನಲ್ಲಿ ಜನ ಕಾದು ಕಾದು ಬೈದು ಹೋದರು. ಕೌಂಟರಿನ ಹುಡುಗಿಯರು ಬೈಗುಳ ತಿಂದರು, ನಾನು ಅಧ್ಯಕ್ಷರದ್ದು ತಿಂದೆ. ಊಟ ಮಾತ್ರ ತಿನ್ನಲಿಲ್ಲ.

೯ ಜುಲೈ, ಸೋಮವಾರ

ಬೋರ್ಡ್ ಮೀಟಿಂಗಿಗೆ ಕರೆದರು. ಅಧ್ಯಕ್ಷ ಶಿವಯೋಗಿಯವರು ನೇರ ವಿಷಯಕ್ಕೆ ಬಂದರು — "ಉಮಾಮಹೇಶ್ವರಿಯವ್ರೇ, ಸರ್ವರ್ ಇನ್ಮೇಲೆ ನಮ್ಮತ್ರ ಬೇಡ. ಬೆಂಗಳೂರಲ್ಲಿ ಡೇಟಾ ಸೆಂಟರ್ ಕಂಪನಿ ಇದೆ. ಅವ್ರೇ ಇಟ್ಕೊಂಡು ಅವ್ರೇ ನೋಡ್ಕೊಳ್ತಾರೆ. ಟಿಯರ್ ತ್ರೀ ಅಂತೆ."

ಟಿಯರ್ ತ್ರೀ ಅಂದ್ರೇನು ಸಾರ್ ಅಂದೆ. "ಭಾಳ ಒಳ್ಳೇದಂತೆ" ಅಂದರು.

ಮೈಯೆಲ್ಲ ಉರಿಯಿತು. ಒಂಬತ್ತು ವರ್ಷ ಸಾಕಿದ್ದು ನಾನು. ಈಗ ಯಾರೋ, ಎಲ್ಲೋ. ನನಗಿನ್ನೇನು ಕೆಲಸ? ಬಕೆಟ್ ಖಾಲಿ ಮಾಡುವುದಾ?

ಮನೆಯಲ್ಲಿ ಹೇಳಿದರೆ ಇವರಿಗೆ ಖುಷಿಯೋ ಖುಷಿ. "ಒಳ್ಳೇದೇ ಆಯ್ತಲ್ಲ ಮಾರಾಯ್ತಿ! ಮಗಳ ಮುಹೂರ್ತದ ದಿನ ರೇಷ್ಮೆ ಸೀರೇಲಿ ಛತ್ರದಿಂದ ಬ್ಯಾಂಕಿನ ಜನರೇಟರ್ ಹತ್ರ ಓಡಿದ್ದೆ. ನೀನು ಅಕ್ಷತೆ ಹಿಡ್ಕೊಂಡು ವಾಪಸ್ ಬರೋ ಹೊತ್ತಿಗೆ ಜನ ಎಲೆ ಮುಂದೆ ಕೂತಿದ್ರು." ಹೌದು, ಓಡಿದ್ದೆ. ಮತ್ಯಾರು ಓಡಬೇಕಿತ್ತು?

ರಾತ್ರಿ ದಾವಣಗೆರೆಯಿಂದ ಅಕ್ಷರಾ ಫೋನ್. ಹೋದ ಸಲ ಐದನೇ ತಿಂಗಳಿಗೇ ಮಗು ಕಳೆದುಕೊಂಡಿದ್ದಳು. ಈ ಸಲ ಐದು ದಾಟಿದೆ, ಆದರೆ ಬಿಪಿ ಏರುತ್ತಿದೆಯಂತೆ. "ಅಮ್ಮ, ನಂಗೆ ಹೆದ್ರಿಕೆ. ಹೆರಿಗೆ ಹೊತ್ತಲ್ಲಿ ನೀನು ಹತ್ರ ಇರ್ಬೇಕು. ಬ್ಯಾಂಕಿಂದ ಫೋನ್ ಬಂತು ಅಂತ ಎದ್ದು ಹೋಗ್ಬಾರ್ದು." ಹೋಗಲ್ಲ ಕಣೇ ಅಂದೆ. ಅಂದುಬಿಟ್ಟೆ. ಹೇಗೆ ಉಳಿಸಿಕೊಳ್ಳುತ್ತೇನೋ ಆ ಶಿವನಿಗೇ ಗೊತ್ತು.

೨೨ ಆಗಸ್ಟ್, ಬುಧವಾರ

ಕಂಪನಿಯಿಂದ ಮೀರಾ ಅಂತ ಒಬ್ಬಳು ಬಂದಿದ್ದಳು. ಮೂವತ್ತರ ಆಸುಪಾಸು. ಹಾಸನದ ಕಡೆಯವಳು. ಜಗಳಕ್ಕೆ ಸೆರಗು ಬಿಗಿದುಕೊಂಡೇ ಕೂತಿದ್ದೆ. ಈ ಟಿಯರ್ ತ್ರೀ ಅಂದ್ರೇನಮ್ಮಾ, ನನಗೂ ಸ್ವಲ್ಪ ಬಿಡಿಸಿ ಹೇಳು ಅಂದೆ.

"ಅಡುಗೆಮನೇನೇ ತಗೊಳ್ಳಿ ಮೇಡಂ. ಒಂದು ಸ್ಟವ್, ಒಂದೇ ಸಿಲಿಂಡರ್. ಮುಗೀತು ಅಂದ್ರೆ ಉಪವಾಸ — ಅದು ಒಂದನೇ ಹಂತ. ಸ್ಪೇರ್ ಸಿಲಿಂಡರ್ ಇಟ್ಕೊಂಡ್ರೆ ಎರಡು. ಬೇರೆಬೇರೆ ಪೈಪಿನ ಎರಡು ಸ್ಟವ್ ಇದ್ದು, ಒಂದನ್ನ ಬಿಚ್ಚಿ ರಿಪೇರಿ ಮಾಡ್ತಿದ್ರೂ ಇನ್ನೊಂದರಲ್ಲಿ ಸಾರು ಕುದೀತಾನೇ ಇದ್ರೆ ಮೂರು. ಅದು ನಮ್ದು."

ನಾಲ್ಕು?

"ಒಂದು ಸ್ಟವ್ ಇದ್ದಕ್ಕಿದ್ದ ಹಾಗೆ ಕೆಟ್ಟು ಕೂತ್ರೂ ಪಂಕ್ತಿಲಿ ಕೂತೋರಿಗೆ ಗೊತ್ತೇ ಆಗ್ಬಾರ್ದು. ಅದಕ್ಕೆ ದುಡ್ಡು ಸುರೀಬೇಕು ಮೇಡಂ."

ನಮ್ಮದು ಯಾವ ಹಂತ ಅಂದೆ. ಬಕೆಟ್ ಕಡೆ ನೋಡಿದಳು. ನಗಲಿಲ್ಲ. ಬ್ಯಾಟರಿ, ಬೋರ್ಡು, ಗೋಡೆಗೆ ನಾನು ಅಂಟಿಸಿದ್ದ ಚೀಟಿಗಳು, ಎಲ್ಲ ನೋಡಿ ಮೆಲ್ಲಗೆ ಕೇಳಿದಳು — "ಇಷ್ಟು ವರ್ಷ ಇದನ್ನೆಲ್ಲ ಒಬ್ರೇ ನೋಡ್ಕೊಂಡ್ರಾ ಮೇಡಂ?"

ಈ ಪ್ರಶ್ನೆಯನ್ನು ಬ್ಯಾಂಕಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಜಗಳ ಆಡಬೇಕೆಂದಿದ್ದೆಲ್ಲ ಮರೆತೇಹೋಯಿತು. ಊಟಕ್ಕೆ ನನ್ನ ಡಬ್ಬಿಯಲ್ಲೇ ಪಾಲು ಕೊಟ್ಟೆ. ಇವರ ಉಪ್ಪು ಸಾರನ್ನೂ ಚಪ್ಪರಿಸಿ ಉಂಡಳು. ಒಳ್ಳೆಯವಳೇ ಇರಬೇಕು.

೯ ಸೆಪ್ಟೆಂಬರ್, ಭಾನುವಾರ

ಪೆಟ್ಟಿಗೆ ಹೊರಟಿತು. ಮಗಳನ್ನು ಕಳಿಸಿದಷ್ಟೇ ಆಯಿತು ಸಂಕಟ. ವಿಭೂತಿ ಹಚ್ಚಿದೆ. ಮೀರಾ ವ್ಯಾನಿನಲ್ಲಿ ಅದರ ಪಕ್ಕದಲ್ಲೇ ಕೂತಳು. ಜೋಪಾನ ಅಂದೆ. "ನನ್ಗಾ, ಅದಕ್ಕಾ ಮೇಡಂ?" ಅಂದಳು. ಇಬ್ಬರಿಗೂ ಅಂದೆ.

೧೦ ಸೆಪ್ಟೆಂಬರ್

ನಾಲ್ಕೂ ಬ್ರಾಂಚ್ ಸರಿಯಾಗಿ ಶುರುವಾದವು. ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗಬಾರದು ಅಂತಲೇ ಇಷ್ಟೆಲ್ಲ ಮಾಡಿದ್ದು. ಆದರೂ ಒಬ್ಬರಾದರೂ ಕೇಳಬಾರದಿತ್ತಾ...

೧೨ ಅಕ್ಟೋಬರ್, ಶುಕ್ರವಾರ

ಮಧ್ಯಾಹ್ನ ಕರೆಂಟ್ ಹೋಯಿತು. ಎದ್ದು ಓಡಿದೆ, ಬೀಗ ತೆಗೆದೆ. ಒಳಗೆ ಬಕೆಟ್ ಒಂದೇ. ಹಿಂದಿನಿಂದ ಹಾಲೇಶ — "ಮೇಡಂ, ಅಲ್ಲೇನಿದೆ ಅಂತ?" ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಮಾರಾಯ ಅಂದೆ. ಇಬ್ಬರೂ ನಕ್ಕೆವು.

ನಾಳೆಯಿಂದ ರಜೆ. ಹೆರಿಗೆಗೆ ಬಂದ ಅಕ್ಷರಾ ನಮ್ಮ ಮನೆಯಲ್ಲೇ ಇದ್ದಾಳೆ. ಕಾಲು ಬಾವು. ಬಿಪಿ ಇಳಿಯುತ್ತಿಲ್ಲ. ಡಾಕ್ಟರಮ್ಮ ಉಪ್ಪು ಕಡಿಮೆ ಮಾಡಿ ಅಂದರು. ಇವರ ಮುಖ ನೋಡಬೇಕಿತ್ತು.

೨೦ ಅಕ್ಟೋಬರ್, ಶನಿವಾರ, ಬೆಳಿಗ್ಗೆ — ನರ್ಸಿಂಗ್ ಹೋಮ್

ಬೆಳಗಿನ ಜಾವ ನೋವು ಶುರು. ಬಿಪಿ ಜಾಸ್ತಿ. ಇನ್ನೂ ಸ್ವಲ್ಪ ಹೊತ್ತು ನೋಡ್ತೀವಿ, ಇಲ್ಲಾಂದ್ರೆ ಆಪರೇಷನ್ ಅಂದಿದ್ದಾರೆ. ಅಳಿಯ ಮಲ್ಲಿಕ್ ಬಸ್ಸಲ್ಲಿದ್ದಾನೆ. ರಸ್ತೆಯಲ್ಲೆಲ್ಲ ಆಯುಧಪೂಜೆ, ಆಟೋಗಳಿಗೆ ಬಾಳೆಕಂದು, ಚೆಂಡುಹೂವು. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಕೈ ಸುಮ್ಮನಿರಲಿ ಅಂತ. ಶಿವನೇ, ಈ ಸಲ ಅವಳ ಮಡಿಲು ತುಂಬಿಸು. ಬೇರೇನೂ ಕೇಳುವುದಿಲ್ಲ.

ಅದೇ ದಿನ, ಸಂಜೆ

ಎಲ್ಲ ಬರೆಯಬೇಕು. ಮರೆಯಬಾರದು.

ಪೆನ್ನು ಮುಚ್ಚಿಟ್ಟಿದ್ದೆ ಅಷ್ಟೇ, ಮೊಬೈಲ್ ಹೊಡೆಯಿತು. ಮೀರಾ.

"ಮೇಡಂ, ಲೀವಲ್ಲಿದ್ದೀರಿ ಅಂತ ಗೊತ್ತು, ಸಾರಿ. ನಿಮ್ಮ ನಾಲ್ಕೂ ಬ್ರಾಂಚ್ ಒಂದಾದ ಮೇಲೊಂದು ಆಫ್ ಆಗಿದಾವೆ. ಒಂದೊಂದಕ್ಕೂ ಎರಡೆರಡು ಲೈನಿದ್ರೂ ಎರಡೂ ಸತ್ತಿದಾವೆ. ಅಧ್ಯಕ್ಷರು ಫೋನ್ ಎತ್ತಲ್ಲ, ಹಾಲೇಶ್ ಎತ್ತಲ್ಲ. ಊರಲ್ಲೇನಾದ್ರೂ ಆಯ್ತಾ ಮೇಡಂ? ಹೊಳೆ ಉಕ್ತಾ? ನೀವೆಲ್ಲ ಹುಷಾರಾಗಿದ್ದೀರಾ?"

ನಾಲ್ಕೂ! ಕಾಲು ಆಗಲೇ ಮೆಟ್ಟಿಲ ಕಡೆ ತಿರುಗಿತ್ತು. ಅಷ್ಟರಲ್ಲಿ ನರ್ಸ್ ಬಾಗಿಲು ತೆಗೆದು, "ಅಕ್ಷರಾ ತಾಯಿ ಯಾರ್ರೀ? ಒಳಗ್ ಬನ್ನಿ, ಬೇಗ."

ಒಂದು ಕೈಯಲ್ಲಿ ಫೋನು, ಒಂದು ಕಡೆ ಮೆಟ್ಟಿಲು, ಒಂದು ಕಡೆ ಬಾಗಿಲು. ಮೀರಾ, ನನ್ನ ಮಗಳು... ಒಳಗೆ... ಅಷ್ಟೇ ಬಂತು ಬಾಯಲ್ಲಿ.

"ಅಯ್ಯೋ, ಹೆರಿಗೆನಾ? ಹೋಗಿ ಮೇಡಂ, ಮೊದ್ಲು ಒಳಗೆ ಹೋಗಿ! ಸರ್ವರ್ ಇಲ್ಲಿ ಕಲ್ಲುಗುಂಡಿನ ಹಾಗಿದೆ. ಬ್ರಾಂಚಿಗೆ ಏನಾಯ್ತು ಅಂತ ನಾನು ಹುಡುಕ್ತೀನಿ. ನಾನಿದೀನಲ್ಲ."

ನಾನಿದೀನಲ್ಲ. ಒಂಬತ್ತು ವರ್ಷ ಎಲ್ಲರಿಗೂ ನಾನು ಹೇಳಿದ ಮಾತು ಅದು. ನನಗೆ ಯಾರೂ ಹೇಳಿರಲಿಲ್ಲ. ಫೋನನ್ನು ಇವರ ಕೈಗೆ ತುರುಕಿ ಒಳಗೆ ಹೋದೆ.

ಅಕ್ಷರಾ ಬೆವರಲ್ಲಿ ತೊಯ್ದಿದ್ದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. "ಫೋನ್ ಎಲ್ಲಮ್ಮ?" ನಿಮ್ಮಪ್ಪನ ಹತ್ರ ಕಣೇ ಅಂದೆ. ಕೈ ಹಿಡಿದಳು ನೋಡು, ಬಳೆ ಒಡೆದೇಹೋಯಿತು. ಒಂದು ಹಂತದಲ್ಲಿ ಡಾಕ್ಟರಮ್ಮನ ದನಿ ಬದಲಾಯಿತು, ಥಿಯೇಟರ್ ರೆಡಿ ಮಾಡಿ ಅಂದರು. "ಅಮ್ಮ, ಹೋಗ್ಬೇಡ" ಅಂದಳು. ಎಲ್ಲಿಗೂ ಹೋಗಲ್ಲ, ಇಲ್ಲೇ ಇದೀನಿ, ನೂಕು ನನ್ನ ಬಂಗಾರ ಅಂದೆ. ಅದೆಲ್ಲಿತ್ತೋ ಅವಳಲ್ಲಿ ಅಷ್ಟು ಶಕ್ತಿ. ಥಿಯೇಟರ್ ಬೇಕಾಗಲಿಲ್ಲ.

ಹೆಣ್ಣು. ಕಿರುಚಿದ್ದು ಕೇಳಬೇಕಿತ್ತು, ನಮ್ಮ ಹಳೇ ಯುಪಿಎಸ್ಸೇ ಸೈ.

ಹೊರಗೆ ಬಂದರೆ ಇವರಿಲ್ಲ. ಮೀರಾ ಹೇಳಿದಳು ಅಂತ ಸ್ಕೂಟರ್ ಹತ್ತಿ ಭದ್ರಾವತಿ ಬ್ರಾಂಚಿಗೆ ಹೋಗಿದ್ದರು. ನಗುತ್ತಾ ಬಂದರು. ನಿಲ್ಲಿಸಲಾಗುತ್ತಿಲ್ಲ ಅವರಿಗೆ. ಬ್ರಾಂಚ್ ಬಾಗಿಲಿಗೆ ಮಾವಿನ ತೋರಣ, ಮೆಟ್ಟಿಲ ಮೇಲೆ ಒಡೆದ ಬೂದುಗುಂಬಳಕಾಯಿ. ಒಳಗೆ ಬೆಂಗಳೂರಿಗೆ ಲೈನ್ ಕೊಡುವ ರೂಟರಿಗೆ ವಿಭೂತಿ, ಕುಂಕುಮ, ತಲೆ ಮೇಲೊಂದು ಹೂವು. ಸ್ವಿಚ್ ಆಫ್. ಪ್ಲಗ್ ಕಿತ್ತು ವೈರ್ ಸುತ್ತಿಟ್ಟಿದ್ದಾರೆ. ಮ್ಯಾನೇಜರ್ ಮಂಡಕ್ಕಿ ತಿನ್ನುತ್ತಾ, "ಮೇಡಂ ಸರ್ಕ್ಯುಲರ್ ಇದ್ಯಲ್ಲ ಸಾರ್, ಆಯುಧಪೂಜೆ ದಿನ ಎಲ್ಲ ಮಷೀನಿಗೂ ರೆಸ್ಟ್ ಅಂತ" ಅಂದರಂತೆ.

ಹೌದು. ನನ್ನದೇ ಸರ್ಕ್ಯುಲರ್! ಪ್ರತಿವರ್ಷ ಕಳಿಸುತ್ತಿದ್ದೆ. ದುಡಿಯುವ ಯಂತ್ರಕ್ಕೆ ವರ್ಷಕ್ಕೊಂದು ದಿನವಾದರೂ ಸುಮ್ಮನೆ ಕೂರುವ ಭಾಗ್ಯ ಇರಲಿ ಅಂತ. ಈಗ ಆಫ್ ಮಾಡಬಾರದು ಅಂತ ಯಾರಿಗೂ ಹೇಳಲಿಲ್ಲ, ಇಂಥದ್ದೊಂದು ಪದ್ಧತಿ ಇದೆ ಅಂತ ಮೀರಾಗೂ ಹೇಳಲಿಲ್ಲ. ಪೂಜೆ ಮಾಡಿಸಿಕೊಂಡು ನಾಲ್ಕೂ ಬ್ರಾಂಚ್ ಆರಾಮಾಗಿ ಮಲಗಿದ್ದವು. ಅಲ್ಲಿ ಬೆಂಗಳೂರಲ್ಲಿ ಆ ಹುಡುಗಿ ನಮ್ಮನ್ನು ಹೊಳೆ ಕೊಚ್ಚಿಕೊಂಡು ಹೋಯಿತು ಅಂತ ಒದ್ದಾಡುತ್ತಿದ್ದಳು. ಬೆಂಚಿನ ಮೇಲೆ ಕೂತು ನಕ್ಕೆ. ನಗುತ್ತಾ ನಗುತ್ತಾ ಅತ್ತೂಬಿಟ್ಟೆ.

೨೨ ಅಕ್ಟೋಬರ್, ಸೋಮವಾರ

ಮೀರಾಗೆ ಫೋನ್ ಮಾಡಿದೆ. ತಪ್ಪಾಯ್ತಮ್ಮ ಅನ್ನುವ ಮೊದಲೇ "ಮಗು ಹೇಗಿದೆ? ಅಕ್ಷರಾ ಬಿಪಿ?" ಬಿಪಿ ಇಳಿದಿದೆ ಅಂದೆ. ಕಂಪನಿಗೆ ಕಾರಣ ಬರೆದುಕೊಡಬೇಕಿತ್ತಂತೆ, 'ಪೂಜೆ' ಅಂತ ಬರೆದಳಂತೆ. ಅವಳ ಬಾಸ್ ಎರಡು ಸಲ ಓದಿ, ಮುಂದಿನ ವರ್ಷದ ಪೂಜೆ ಯಾವತ್ತು ಅಂತ ಮೊದಲೇ ಕೇಳಿಟ್ಕೋ ಅಂದರಂತೆ.

ನಿನ್ನ ಉಪಕಾರ ಹೇಗೆ ತೀರಿಸಲಿ ತಾಯಿ ಅಂದೆ. "ಇದು ನನ್ನ ಕೆಲಸ ಮೇಡಂ" ಅಂದಳು. ಕೆಲಸವೇ ಇರಬಹುದು. ಬ್ರಾಂಚ್ ಏನಾಯ್ತು ಅಂತ ಕೇಳುವುದು ಕೆಲಸ. ನೀವೆಲ್ಲ ಹುಷಾರಾ ಅಂತ ಕೇಳುವುದು ಯಾವ ಅಗ್ರಿಮೆಂಟಿನಲ್ಲಿದೆ?

೪ ನವೆಂಬರ್, ಭಾನುವಾರ

ನಾಮಕರಣ. ಸ್ಪಂದನಾ ಅಂತ ಹೆಸರು. ಮೀರಾನ ಕರೆದಿದ್ದೆ, ಬರಲಾಗಲಿಲ್ಲ. "ಡ್ಯೂಟಿ ಮೇಡಂ. ಇಲ್ಲಿ ಯಾರಾದ್ರೂ ನೋಡ್ತಾ ಕೂತಿರ್ಬೇಕಲ್ಲ." ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಅವಳು ಕೂತಿದ್ದಾಳೆ. ಅದಕ್ಕೇ ನಾನು ತೊಟ್ಟಿಲ ಹತ್ತಿರ ಕೂತಿದ್ದೇನೆ. ಬಸ್ಸಿನಲ್ಲಿ ಹೋಳಿಗೆ ಕಳಿಸಿದೆ, ತುಪ್ಪ ಬೇರೆ ಡಬ್ಬಿಯಲ್ಲಿ.

ಇವರು ಮೊಮ್ಮಗಳನ್ನು ಎತ್ತಿಕೊಂಡು ಎಲ್ಲರಿಗೂ ಸಾರುತ್ತಿದ್ದರು — "ಎರಡು ಅಜ್ಜಿ, ಎರಡು ಅಜ್ಜ. ಒಬ್ರು ಕೆಟ್ಟು ಕೂತ್ರೂ ಮಗುಗೆ ಗೊತ್ತಾಗಲ್ಲ. ಇದು ಟಿಯರ್ ಫೋರ್ ಕಣ್ರಪ್ಪಾ!" ಬೀಗರಿಗೆ ಅರ್ಥವಾಗಲಿಲ್ಲ. ಆದರೂ ನಕ್ಕರು, ಒಳ್ಳೆಯ ಜನ.

೧೨ ನವೆಂಬರ್, ಸೋಮವಾರ

ಕೆಲಸಕ್ಕೆ ಹೋದೆ. ಇನ್ನು ನಾಲ್ಕೂ ಬ್ರಾಂಚಿನವರಿಗೆ ಸಿಸ್ಟಂ ಕಲಿಸುವುದು, ಕಂಪನಿಯವರ ಜೊತೆ ಮಾತಾಡುವುದು ನನ್ನ ಪಾಲಿಗೆ. ರೂಟರ್ ಆಫ್ ಮಾಡಬೇಡಿ, ಹೂವು ಮಾತ್ರ ಇಡಿ — ಹೊಸ ಸರ್ಕ್ಯುಲರ್ ಕಳಿಸಿದೆ. ಕೀ ಕೊಟ್ಟುಬಿಟ್ಟೆ. ಆ ಕೋಣೆಯಲ್ಲಿ ಮತ್ತೆ ಟೀ ಕಾಯಿಸುತ್ತಾರಂತೆ. ಮೊದಲ ಲೋಟ ಹಾಲೇಶ ನನಗೇ ತಂದ. ಚೆನ್ನಾಗಿತ್ತು.

೧೪ ನವೆಂಬರ್, ಬುಧವಾರ, ಸಂಜೆ

ಅಕ್ಷರಾ ಮಲಗಿದ್ದಾಳೆ. ಸ್ಪಂದನಾ ನನ್ನ ತೊಡೆಯ ಮೇಲೆ. ಒಂದು ಕೈ ಅವಳ ಎದೆಯ ಮೇಲೆ, ಇನ್ನೊಂದರಲ್ಲಿ ಪೆನ್ನು. ಸೊಂಟ ಹಗುರ, ಕೀ ಇಲ್ಲ. ಇವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ, ಉಪ್ಪು ನೋಡು ಬಾ ಅಂತ ಕರೆಯುತ್ತಿದ್ದಾರೆ. ಮಗುವನ್ನು ಬಿಟ್ಟು

ಕರೆಂಟ್ ಹೋಯಿತು. ಕಾಣುತ್ತಿಲ್ಲ, ಅಂದಾಜಿನ ಮೇಲೆ ಗೀಚುತ್ತಿದ್ದೇನೆ. ಅಡುಗೆಮನೆಯಿಂದ ಇವರು ಕೂಗಿ ಕೇಳುತ್ತಿದ್ದಾರೆ — "ಉಮಾ, ಎದ್ಯಾ?"

ಎದ್ದಿಲ್ಲ. ಕೂತೇ ಇದ್ದೇನೆ.